ಮುದ್ದೆಯೊಳಗಿನ ಮಾತ್ರೆ

ಕಾಗದನಗರದ ಕ್ವಾರ್ಟರ್ಸ್ ಹಿತ್ತಲಿನಲ್ಲಿ ನಾಯಿ ಪಿಂಟು ಹಾಕಿದ ಮಲ ಕಪ್ಪಗಿತ್ತು, ಡಾಂಬರಿನಂತೆ ಅಂಟಂಟಾಗಿತ್ತು. ಸಂಧ್ಯಾ ಕಡ್ಡಿಯಿಂದ ಕೆದಕಿದಳು. ಅಂಚಿನ ಹುಲ್ಲಿಗೆ ಕೆಂಪು ಹತ್ತಿತ್ತು.

"ಮಾವ, ಇಲ್ನೋಡಿ. ನಿನ್ನೆನೂ ಹಿಂಗೇ ಇತ್ತು."

ಸೊಸೆ ಕರೆದದ್ದಕ್ಕೆ ಜಟ್ಟಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲಿಂದಲೇ ನೋಡಿದರು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ನಾಯಿ ಅವರದು.

"ರಾಗಿ ಮುದ್ದೆ ತಿಂದ್ರೆ ಬೆಳ್ಳಗೆ ಬರ್ತದಾ ಮಾರಾಯ್ತಿ? ನಂದೂ ಹಂಗೇ ಇದೆ. ನನ್ನೂ ಆಸ್ಪತ್ರೆಗೆ ಸೇರಿಸ್ತೀಯಾ?"

"ಆರು ವರ್ಷದಿಂದ ಮುದ್ದೆ ತಿಂತಿದೆ. ಯಾವತ್ತೂ ಹಿಂಗಾಗಿಲ್ಲ."

ಅಷ್ಟರಲ್ಲಿ ಪಿಂಟು ವಾಂತಿ ಮಾಡಿತು. ಕಾಫಿ ಗಸಿಯಂಥದ್ದು. ಏಳಲು ಹೋಗಿ ಹಿಂಗಾಲು ಕುಸಿದು ಕೂತಿತು. ಜಟ್ಟಪ್ಪ ಮತ್ತೆ ತಮಾಷೆ ಮಾಡಲಿಲ್ಲ.

ಆಟೋ ಶಿವಮೊಗ್ಗ ಮುಟ್ಟುವಷ್ಟರಲ್ಲಿ ನಾಯಿಯ ಮೂಗು ತಣ್ಣಗಾಗಿತ್ತು. ಪಶುವೈದ್ಯೆ ಶಾಮಲಾ ಅದರ ತುಟಿ ಎತ್ತಿದರು. ವಸಡು ಸುಣ್ಣದ ಬಣ್ಣಕ್ಕಿತ್ತು.

"ಒಳಗೆ ರಕ್ತ ಸೋರ್ತಿದೆ. ಕಪ್ಪಗೆ ಬರ್ತಿರೋದು ಅದೇ. ಇಲಿ ಪಾಷಾಣ ಏನಾದ್ರೂ ಸಿಕ್ತಾ? ಮನುಷ್ಯರ ಮಾತ್ರೆ ಕೊಟ್ರಾ?"

"ಏನೂ ಇಲ್ಲ ಡಾಕ್ಟ್ರೇ," ಎಂದಳು ಸಂಧ್ಯಾ.

"ಸರಿಯಾಗಿ ಹೇಳಿ. ಪಾಷಾಣಕ್ಕೆ ಬೇರೆ ಇಂಜೆಕ್ಷನ್, ಮಾತ್ರೆಗೆ ಬೇರೆ. ಸುಮ್ನೆ ಊಹೆ ಮಾಡ್ತಾ ಕೂತ್ರೆ ಇದು ಸಂಜೆ ತನಕ ಉಳಿಯಲ್ಲ."

ಜಟ್ಟಪ್ಪ ಅಂಗಿ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಮಂಡಿ ನೋವಿಂದು. ಪಿಂಟು ಕುಂಟ್ತಿತ್ತು. ನಾನು ನುಂಗೋ ಹಾಗೇ ಮುದ್ದೆ ತುತ್ತಿನೊಳಗಿಟ್ಟು ಕೊಟ್ಟೆ. ಮುದ್ದೆ ಅಗಿಯೋದಿಲ್ವಲ್ಲ, ಗೊತ್ತಾಗಲ್ಲ."

"ಎಷ್ಟು ದಿನದಿಂದ?"

"ಐದು ದಿನ."

"ಇವತ್ತೂ ಕೊಟ್ರಾ?"

"ಬೆಳಗ್ಗೆ ಎದ್ದ ತಕ್ಷಣ. ನರಳ್ತಿತ್ತು. ಅದಕ್ಕೇ ಎರಡು ಹಾಕಿದೆ."

ಸಂಧ್ಯಾ ಮಾವನ ಮುಖ ನೋಡಿದಳು. ಅವರು ನಾಯಿಯನ್ನೇ ನೋಡುತ್ತಿದ್ದರು.

ಶಾಮಲಾ ಮುಂಗಾಲಿಗೆ ಸೂಜಿ ಹಾಕಿ ಡ್ರಿಪ್ ಹಚ್ಚಿದರು. "ಬೇರೆ ನಾಯಿಯ ರಕ್ತ ಬೇಕಾಗಬಹುದು. ನಾಳೆ ಬೆಳಗ್ಗೆ ತನಕ ಏನೂ ಹೇಳಕ್ಕಾಗಲ್ಲ." ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ಓದಿದರು. "ಯಜಮಾನ್ರೇ, ಇದನ್ನ ನೀವು ಎಷ್ಟು ದಿನದಿಂದ ತಗೊಳ್ತಿದ್ದೀರಿ?"

"ಎರಡು ತಿಂಗಳಾಯ್ತು. ಯಾಕೆ?"

ಸಂಧ್ಯಾಳಿಗೆ ಬೆಳಗಿನ "ನಂದೂ ಹಂಗೇ ಇದೆ" ಎಂಬ ಮಾತು ನೆನಪಾಯಿತು. ಚೌಕಟ್ಟು ಹಿಡಿದು ನಿಂತದ್ದೂ ನೆನಪಾಯಿತು.

"ಮಾವ, ಸ್ವಲ್ಪ ಈ ಕಡೆ ತಿರುಗಿ."

ಅವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿದಳು. ಒಳಗೆ ಕೆಂಪಿರಲಿಲ್ಲ. ಪಿಂಟುವಿನ ವಸಡಿನದೇ ಬಣ್ಣ.