ಹದಿನಾಲ್ಕನೇ ಅಧ್ಯಾಯದಲ್ಲಿ ನಿಂತವರು

ನಾನೊಂದು ಇಂಗ್ಲಿಷ್ ಕಾದಂಬರಿ. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದಾಗ ಇಂಗ್ಲೆಂಡಿನಲ್ಲಿ ಅಚ್ಚಾದೆ. ಆಗ ಅಲ್ಲಿ ಕಾಗದಕ್ಕೂ ಬರ, ಹಾಗಾಗಿ ನನ್ನ ಹಾಳೆಗಳು ತೆಳು, ಅಕ್ಷರಗಳು ಸಣ್ಣವು. ರೇಷನ್ ಸಾಲಿನಲ್ಲಿ ನಿಲ್ಲುತ್ತ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತ, ಮನೆ ಬಿಟ್ಟು ಹೋಗಬೇಕೆಂದು ದಿನವೂ ಅಂದುಕೊಳ್ಳುವ ಒಬ್ಬ ಹೆಂಗಸಿನ ಕಥೆ ನನ್ನೊಳಗಿದೆ.

ಪುಣೆಯ ಹಳೇ ಪುಸ್ತಕದ ಅಂಗಡಿಯಿಂದ ನನ್ನನ್ನು ಧಾರವಾಡಕ್ಕೆ ತಂದವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಚಂಪಾ ಗಲಗಲಿ. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಐವರು ಹೆಂಗಸರು ಸೇರಿ, ಯುದ್ಧದ ನಂತರದ ಇಂಗ್ಲಿಷ್ ಕಾದಂಬರಿಗಳನ್ನು ಓದಿ ಚರ್ಚಿಸುತ್ತಿದ್ದರು. ಇದ್ದದ್ದು ನಾನೊಂದೇ ಪ್ರತಿ. ಸರದಿಯಂತೆ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದೆ.

ಅವರಲ್ಲಿ ಮಂದಾಕಿನಿ ಎಲ್ಲರಿಗಿಂತ ಚಿಕ್ಕವಳು, ವಕೀಲ ಶ್ರೀಪಾದರಾಯರ ಸೊಸೆ. ಓದಿದ್ದನ್ನೆಲ್ಲ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಅತ್ತೆ ಅಂಬಕ್ಕನಿಗೆ ಹೇಳುತ್ತಿದ್ದಳು. ಒಂದು ದಿನ ಹದಿನಾಲ್ಕನೇ ಅಧ್ಯಾಯದವರೆಗೆ ಓದಿ, ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಳು: ‘ಈಕಿ ಯಾಕ ಹೋಗೂದಿಲ್ಲ?’

ಅದು ರಾಯರ ಕಣ್ಣಿಗೆ ಬಿತ್ತು.

“ಇದು ಯಾರ ಬಗ್ಗೆ ಬರದದ್ದು, ಮಂದಾ?”

ರಾಯರು ನನ್ನನ್ನು ಕಬ್ಬಿಣದ ಟ್ರಂಕಿಗೆ ಹಾಕಿಸಿದರು. ಶನಿವಾರ ಅವಳು ಓದಿಗೆ ಹೋಗುವುದೂ ನಿಂತಿತು. ಪುಸ್ತಕ ಕಳೆದುಹೋಯಿತೆಂದು ಮಂದಾಕಿನಿ ಚಂಪಾ ಅವರಿಗೆ ಹೇಳಿಕಳಿಸಿದಳಂತೆ.

ನಾಲ್ಕು ವರ್ಷ ರೇಷ್ಮೆ ಸೀರೆಗಳ ಕೆಳಗೆ ಮಲಗಿದ್ದೆ. ನುಸಿಗುಳಿಗೆಯ ವಾಸನೆ ನನ್ನ ಹೊಲಿಗೆಯೊಳಗೂ ಇಳಿಯಿತು. ಮುಚ್ಚಿಟ್ಟ ಪುಸ್ತಕಕ್ಕೆ ತನ್ನದೇ ಕಥೆ ಎದೆಯ ಮೇಲಿನ ಭಾರವಾಗುತ್ತದೆ.

ರಾಯರು ಖಟ್ಲೆಗೆಂದು ಬೆಳಗಾವಿಯ ಕೋರ್ಟಿಗೆ ಹೋಗಿದ್ದ ಒಂದು ದಿನ ಅಂಬಕ್ಕ ಸೊಂಟದ ಬೀಗದಕೈ ತೆಗೆದು ಟ್ರಂಕು ತೆರೆದರು. ನನ್ನನ್ನು ಸೊಸೆಯ ಕೈಗೆ ಕೊಟ್ಟು, ಮುಂದಿನದನ್ನು ಓದಿ ಹೇಳು ಎಂದರು. ಆ ಹೆಂಗಸು ಕೊನೆಗೆ ಹೋದಳೋ ಇಲ್ಲವೋ ಎಂದು ನಾಲ್ಕು ವರ್ಷದಿಂದ ಅವರಿಗೂ ಕೊರೆಯುತ್ತಿತ್ತು.

ಸಂಜೆಯವರೆಗೆ ಮಂದಾಕಿನಿ ಓದಿ ಓದಿ ಕನ್ನಡದಲ್ಲಿ ಹೇಳಿದಳು. ಕೊನೆಯ ಪುಟದಲ್ಲಿ ನನ್ನ ನಾಯಕಿ ಬಾಗಿಲವರೆಗೆ ಹೋಗಿ, ಕೋಟು ಕಳಚಿ, ಚಹಾಕ್ಕೆ ನೀರಿಡುತ್ತಾಳೆ.

ಅಂಬಕ್ಕ ನನ್ನನ್ನು ಕೈಗೆ ತೆಗೆದುಕೊಂಡು ಮುಚ್ಚಿದರು.

“ನಾನೂ ಈಕಿಹಂಗ ಹೋಗಲಾರದ ಕೂತೆ,” ಎಂದರು. “ಈ ಶನಿವಾರದಿಂದ ನೀ ಹೋಗು. ಅವರು ಕೇಳಿದ್ರ ನಾ ಹೇಳ್ತೀನಿ.”

ನನ್ನನ್ನು ಮಾತ್ರ ಮತ್ತೆ ಸೀರೆಗಳ ಕೆಳಗೇ ಇಟ್ಟರು. ಟ್ರಂಕು ತೆರೆದದ್ದು ರಾಯರಿಗೆ ತಿಳಿಯಬಾರದಲ್ಲ.

ಈಗ ನನ್ನ ಹಾಳೆಗಳು ಮುಟ್ಟಿದರೆ ಮುರಿಯುತ್ತವೆ. ಹೊರಗೆ ಬರುವ ಆಸೆ ಬಿಟ್ಟಿದ್ದೇನೆ. ಶನಿವಾರದ ಬಳಗ ಬೇರೆ ಕಾದಂಬರಿ ಹಿಡಿದಿದೆಯಂತೆ. ಟ್ರಂಕು ಇರುವುದು ಅಡುಗೆಮನೆಯ ಗೋಡೆಗೆ ಒತ್ತಿ. ಮಂದಾಕಿನಿ ಅತ್ತೆಗೆ ಆ ಹೊಸ ಕಾದಂಬರಿಯ ಕಥೆ ಹೇಳುವಾಗ ನಾನೂ ಕೇಳುತ್ತೇನೆ. ಕೆಲವು ಮಾತು ಒಗ್ಗರಣೆಯ ಸದ್ದಿನಲ್ಲಿ ತಪ್ಪಿಹೋಗುತ್ತವೆ. ಅಂಬಕ್ಕನಿಗೂ ತಪ್ಪುತ್ತವೆ ಕಾಣುತ್ತದೆ, ಇನ್ನೊಮ್ಮೆ ಹೇಳು ಅನ್ನುತ್ತಾರೆ.