ಪೀಪಾಯಿಯವನ ದನಿ

"ನೀವು ತುಟಿ ಬಿಚ್ಚಬಾರದು, ಅಷ್ಟೇ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದು ಗೇಟಿನ ಹೊರಗೇ ನಿಂತು ಅವಳು ಗಂಡನ ಕಿವಿಗೆ ಬಾಯಿಟ್ಟು ಹೇಳಿದಳು. ಅವನು ತಲೆಯಾಡಿಸಿದ. ಪಕ್ಕದಲ್ಲಿದ್ದ ಏಳು ವರ್ಷದ ಮಗಳೂ ತನಗೇ ಹೇಳಿದ್ದೆಂಬಂತೆ ತುಟಿ ಬಿಗಿದುಕೊಂಡಳು.

ಹದಿನಾರು ವರ್ಷದಿಂದ ಅವನ ಕೆಲಸ ಒಂದೇ: ಜಜ್ಜಿಹೋದ ಎಣ್ಣೆ ಪೀಪಾಯಿಗಳನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದು. ತಗಡಿನ ಶೆಡ್ಡು, ಒಳಗೆ ಹನ್ನೆರಡು ಜನ, ಹನ್ನೆರಡು ಸುತ್ತಿಗೆ. ಕಿವಿಗೆ ಹಾಕಿಕೊಳ್ಳಲು ಏನಾದರೂ ಕೊಡಿ ಎಂದು ಕೇಳಿದಾಗ ಮೇಸ್ತ್ರಿ, "ಹತ್ತಿ ಇಟ್ಕೊಳ್ರಪ್ಪ, ಅದಕ್ಕೂ ನಾನೇ ಬರ್ಬೇಕಾ?" ಎಂದು ನಕ್ಕಿದ್ದ. ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಮಗಳ ಅಳು ದೂರವಾಯಿತು, ಆಮೇಲೆ ಹೆಂಡತಿಯ ಗೊಣಗಾಟ. ಅದೊಂದು ಲಾಭ ಎಂದು ಅವನೇ ತಮಾಷೆ ಮಾಡಿದ್ದ.

ಕಿವಿ ಮಂದವಾದಷ್ಟೂ ದನಿ ಏರಿತು. ಅವನು ಉಪ್ಪು ಕೇಳಿದರೆ ಪಕ್ಕದ ಬೀದಿಯವರಿಗೆ ಆಸ್ತಿ ಜಗಳದಂತೆ ಕೇಳುತ್ತಿತ್ತು. ದೂರು ಬಂದು ಬಂದು ಎರಡು ವರ್ಷದಲ್ಲಿ ಮೂರು ಮನೆ ಖಾಲಿ ಮಾಡಿದ್ದಾಯಿತು. ಅವನ ಶೆಡ್ಡಿಗೂ, ಅವಳು ತಟ್ಟೆ ತೊಳೆಯುವ ಬೇಕರಿಗೂ ನಡೆದು ಹೋಗುವಷ್ಟು ಹತ್ತಿರ, ಇಬ್ಬರ ಸಂಬಳಕ್ಕೂ ನಿಲುಕುವ ಮನೆ ಎಂದರೆ ಇದೊಂದೇ ಉಳಿದಿತ್ತು.

ಓನರಮ್ಮ ನಿವೃತ್ತ ಟೀಚರು. ಮಹಡಿಯ ಮೇಲೆ ಅವರ ಗಂಡ ಹಾಸಿಗೆ ಹಿಡಿದಿದ್ದರು. "ಅವರಿಗೆ ಸಣ್ಣ ಸದ್ದಾದ್ರೂ ಎದೆ ಹೊಡ್ಕೊಳ್ಳುತ್ತೆ. ಮೊದಲಿದ್ದೋರು ರೇಡಿಯೋ ಹಾಕ್ತಿದ್ರು, ಕಳಿಸ್ಬಿಟ್ಟೆ."

"ನಮ್ಮನೇಲಿ ರೇಡಿಯೋನೇ ಇಲ್ಲಮ್ಮ," ಅಂದಳು ಅವಳು. ಸುಳ್ಳೇನಲ್ಲ. ಅವನಿರುವ ಮನೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಓನರಮ್ಮ ಅವನ ಕಡೆ ತಿರುಗಿದರು. "ಕುಡೀತೀರಾ?"

ಅವರ ತುಟಿಯನ್ನೇ ನೋಡುತ್ತಿದ್ದ ಅವನು ಪ್ರೀತಿಯಿಂದ ನಕ್ಕು, ಹೌದೆಂದು ತಲೆಯಾಡಿಸಿದ.

ಅವಳು ತಟಕ್ಕನೆ ನಡುವೆ ಬಾಯಿ ಹಾಕಿದಳು. "ನೀರು ಅಂದ್ಕೊಂಡ್ರು ಅಮ್ಮ. ಬಿಸಿಲಲ್ಲಿ ನಡ್ಕೊಂಡು ಬಂದ್ವಲ್ಲ. ಬೇರೇನೂ ಮುಟ್ಟಿದೋರಲ್ಲ."

ಓನರಮ್ಮ ನೀರು ತಂದುಕೊಟ್ಟರು. ಅವನು ಗಟಗಟ ಕುಡಿದ. "ಮಾತು ಕಮ್ಮಿ ಅನ್ಸುತ್ತೆ ಇವ್ರದ್ದು. ಒಳ್ಳೇದೇ," ಎಂದು ಬೀಗದ ಕೈ ಕೊಟ್ಟರು.

ಹೊಸ ಮನೆಯಲ್ಲಿ ಮೊದಲ ದಿನ ಅವನು ಪಿಸುಮಾತಾಡಿ ನೋಡಿದ. ಪಿಸುಮಾತೆಂದು ಅವನು ಅಂದುಕೊಂಡದ್ದು. ಅವಳ ಕೈಯ ಪಾತ್ರೆ ಜಾರಿ ಬಿತ್ತು. ಮೇಲಿನಿಂದ ಯಾರೋ ನೆಲ ಕುಟ್ಟಿದರು. ತನ್ನ ದನಿ ಎಷ್ಟೆತ್ತರಕ್ಕೆ ಹೋಗುತ್ತಿದೆ ಎಂದು ತಿಳಿಯುವ ದಾರಿಯೇ ಅವನಿಗಿರಲಿಲ್ಲ. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡ. ಮೊದಲೆಲ್ಲ ಬಾಗಿಲಲ್ಲೇ ಮಗಳನ್ನು ಕೂಗಿ ಕರೆದು, ಯಾರು ಯಾರ ಊಟ ಕದ್ದರು, ಮೇಸ್ತ್ರಿ ಹೇಗೆ ಜಾರಿ ಬಿದ್ದ ಎಂದು ಬಣ್ಣ ಕಟ್ಟಿ ಹೇಳುತ್ತಿದ್ದವನು ಈಗ ಕೈಕಾಲು ತೊಳೆದು ಗೋಡೆಗೊರಗಿ ಕೂರುತ್ತಿದ್ದ, ನೆಂಟರ ಮನೆಗೆ ಬಂದವನ ಹಾಗೆ. ಅವಳಿಗೆ ಮನೆ ಉಳಿಯಿತಲ್ಲ ಎಂಬ ನೆಮ್ಮದಿ.

ಹನ್ನೆರಡನೆಯ ದಿನ ಮಗಳು ಶೂ ಕಟ್ಟಿಕೊಳ್ಳುತ್ತ, "ಅಮ್ಮ, ಅಪ್ಪಂಗೆ ನಾನು ಬೇಡ್ವಾ?" ಎಂದು ಕೇಳಿದಳು. ಅಳುತ್ತಿರಲಿಲ್ಲ. ನಾಳೆ ಸ್ಕೂಲಿದೆಯಾ ಎಂದು ಕೇಳುವ ಹಾಗೆ ಕೇಳಿದ್ದಳು. ತಾಯಿ ಬಗ್ಗಿ, ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಆ ಭಾನುವಾರ ಓನರಮ್ಮ ಕೆಳಗಿಳಿದು ಬಂದರು. ಅವನು ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದ. ಹೆಂಡತಿ ಹೊರಗೆ ಬರುವಷ್ಟರಲ್ಲಿ ಅವರು ಅವನ ಬೆನ್ನ ಹಿಂದೆ ನಿಂತಿದ್ದರು.

"ಹಿಂದೆ ನಿಂತು ಮೂರು ಸಲ ಕರೆದೆ ಇವ್ರನ್ನ. ತಿರುಗಲೇ ಇಲ್ಲ. ಕಿವಿ ಕೇಳ್ಸಲ್ಲ ಅಲ್ವಾ?"

"ಹೌದಮ್ಮ. ಪೀಪಾಯಿ ಬಡಿದು ಬಡಿದು ಹೋಯ್ತು. ಬಾಯಿ ಬಿಟ್ರೆ ದನಿ ಜೋರಾಗ್ಬಿಡುತ್ತೆ."

"ಮೊದ್ಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ಮನೆ ಕೊಡ್ತಿದ್ರಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಓನರಮ್ಮ ಒದ್ದೆ ನೆಲ ನೋಡುತ್ತ ನಿಂತರು. "ಇಲ್ಲ," ಅಂದರು ಕಡೆಗೆ. "ಕೊಡ್ತಿರ್ಲಿಲ್ಲ." ಮೆಟ್ಟಿಲ ಕಡೆ ನೋಡಿ, "ನಿನ್ನ ಮಗಳು ನೆನ್ನೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ಲು. 'ನಮ್ಮಪ್ಪ ಮೊದ್ಲು ಮಾತಾಡ್ತಿದ್ರು' ಅಂದ್ಲು. ಕೂಗಾಟ ಬೇಡಮ್ಮ. ಆದ್ರೆ ಮಾತಾಡ್ಲಿ," ಎಂದು ಹೊರಟುಹೋದರು.

ಕೂಗದೆ ಮಾತಾಡುವುದು ಹೇಗೆ? ಸಂಜೆ ಅವಳು ಗಂಡನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದಳು. ಅವನು ಬೇಡವೆಂದು ಕೈಯಾಡಿಸಿದ. ಈ ಮನೆಯೂ ಹೋದರೆ ಎಂಬ ಭಯ ಅವನ ಮುಖದಲ್ಲೇ ಕಾಣುತ್ತಿತ್ತು. ಆಗ ಮಗಳು ಪಕ್ಕಕ್ಕೆ ಬಂದು ಕೂತು ಅವನ ಮುಂಗೈ ಹಿಡಿದುಕೊಂಡಳು. "ಜೋರಾದ್ರೆ ನಾನು ಅದುಮ್ತೀನಿ ಅಂತ ಹೇಳಮ್ಮ ಅಪ್ಪಂಗೆ."

ಹೆಂಡತಿ ಅದನ್ನೂ ಅವನ ಕಿವಿಗೆ ಹಾಕಿದಳು. ಅವನು ಗಂಟಲು ಸರಿ ಮಾಡಿಕೊಂಡ. "ಮೊನ್ನೆ ಒಂದು ಪೀಪಾಯಿ ಬಂತು..."

ಪುಟ್ಟ ಬೆರಳುಗಳು ಅದುಮಿದವು. ದನಿ ಇಳಿಯಿತು.

"ಬಗ್ಗಿ ನೋಡ್ತೀನಿ, ಒಳಗೆ ಗೂಡು. ಎರಡು ಮೊಟ್ಟೆ." ಮತ್ತೆ ಅದುಮಿದಳು. "ಸುತ್ತಿಗೆ ಎತ್ತೋಕೆ ಮನಸ್ಸು ಬರುತ್ತಾ? ಎಲ್ರೂ ಸೇರಿ ಅಲುಗದ ಹಾಗೆ ಹೊತ್ಕೊಂಡ್ಹೋಗಿ ಶೆಡ್ಡಿನ ಹಿಂದೆ ಇಟ್ವಿ. ಮೇಸ್ತ್ರಿಗೆ ತೂತು ಪೀಪಾಯಿ ಅಂದ್ವಿ. ಆದ್ರೆ ಪೀಪಾಯಿ ತಂದ ಲಾರಿ ಬಂದಿದ್ದು ಎಲ್ಲಿಂದಲೋ. ಪಾಪ, ತಾಯಿ ಹಕ್ಕಿ ಅಷ್ಟು ದೂರ ಹೇಗೆ ಬರ್ಬೇಕು? ನೆನ್ನೆ ಬೆಳಿಗ್ಗೆ ಹೋಗಿ ನೋಡ್ತೀವಿ..."

ಮಗಳು ಬಾಯಿ ತೆರೆದು ಅವನ ಮುಖವನ್ನೇ ನೋಡುತ್ತಿದ್ದಳು. ಬೆರಳುಗಳಿಗೆ ಅದುಮುವುದೇ ಮರೆತುಹೋಗಿತ್ತು. ದನಿ ಮೆಲ್ಲಮೆಲ್ಲಗೆ ಏರತೊಡಗಿತು.

ಹೆಂಡತಿ ಕಿಟಕಿ ಮುಚ್ಚಲೆಂದು ಎದ್ದು ಹೋದಳು. ಕದದ ಮೇಲೆ ಕೈಯಿಟ್ಟವಳು, ಹಕ್ಕಿ ಬಂತೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತ ಹಾಗೇ ನಿಂತಳು.