ಪಕ್ಕದ ಗುರಿಹಲಗೆ

"ಇವತ್ತಾದ್ರೂ ಇವನು ಪಾಸಾಗ್ತಾನೇನಪ್ಪಾ?"

ಫೈರಿಂಗ್ ರೇಂಜಿಗೆ ಇನ್ನೂ ಯಾರೂ ಬಂದಿರಲಿಲ್ಲ. ಹವಾಲ್ದಾರರು ಈ ಮಾತನ್ನು ಮರಳಿನ ಚೀಲಗಳನ್ನು ಕೇಳಿದರೋ, ಕಂಬದಲ್ಲಿ ಜೋತುಬಿದ್ದಿದ್ದ ಕೆಂಪು ಬಾವುಟವನ್ನು ಕೇಳಿದರೋ, ಅವರಿಗೇ ಗೊತ್ತಿರಲಿಲ್ಲ. ಬಾವುಟ ಒಮ್ಮೆ ಮಿಸುಕಿ, ತನಗೇಕೆ ಈ ಉಸಾಬರಿ ಎಂಬಂತೆ ಸುಮ್ಮನಾಯಿತು.

"ಇವನು" ಎಂದರೆ ಅವರ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಸೈನ್ಯಕ್ಕೆ ಸೇರಿ, ಗ್ರಹಚಾರಕ್ಕೆ ಭಾವನ ಕೈಕೆಳಗೇ ತರಬೇತಿಗೆ ಬಂದಿದ್ದ. ಭಾನುವಾರ ಅವನ ಮದುವೆ. ಗುರಿ ಪರೀಕ್ಷೆಯಲ್ಲಿ ಪಾಸಾಗದವನಿಗೆ ರಜೆಯಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಹಿಂದಿನ ಪರೀಕ್ಷೆಯಲ್ಲಿ ಅವನು ಹಾರಿಸಿದ ಗುಂಡುಗಳನ್ನು ಭೂಮಿ ಆಕಾಶಗಳು ಜಗಳವಿಲ್ಲದೆ ಹಂಚಿಕೊಂಡಿದ್ದವು. ಬೆಳಿಗ್ಗೆ ಹವಾಲ್ದಾರರು ಬೂಟಿನ ಲೇಸು ಕಟ್ಟುತ್ತಿದ್ದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಮದುಮಗ ಬರ್ಲಿಲ್ಲ ಅಂದ್ರೆ ಅವನ ಜಾಗದಲ್ಲಿ ನೀವು ಹೋಗಿ ನಿಲ್ತೀರಾ?" ಎಂದು ಕೇಳಿದ್ದಳು. ಅವರು ಲೇಸನ್ನು ಎರಡನೆಯ ಸಲ ಕಟ್ಟಿದ್ದರು.

ಹವಾಲ್ದಾರರು ಚಿಕ್ಕಂದಿನಿಂದ ಪದ್ಯ ಕೇಳಿಕೊಂಡು ಬೆಳೆದವರು. ರಾಗಕ್ಕೆ ಒಗ್ಗದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ಬಂದೂಕಿನ ಸುರಕ್ಷತೆಯನ್ನೂ ತಾವೇ ಪದ್ಯ ಮಾಡಿಟ್ಟಿದ್ದರು. ದಿನಾ ಬೆಳಿಗ್ಗೆ ಇಡೀ ತುಕಡಿ ಅದನ್ನು ಒಕ್ಕೊರಲಿನಿಂದ ಹೇಳಬೇಕು:

ತುಂಬಿರುವ ಕೋವಿಯೆಂದೇ ತಿಳಿಯೊ ಬರಿದಿರಲು,
ನಂಬದಿರು ನಳಿಗೆಯನು, ನರರತ್ತ ತಿರುಹದಿರು,
ಬೆರಳಿರಲಿ ಬದಿಯಲ್ಲಿ ಗುರಿ ಕಣ್ಗೆ ಬರುವನಕ,
ಗುರಿಯಾಚೆ ಏನಿದೆಯೊ ಅರಿತು ಹೊಡೆ, ಮಗುವೆ.

ಪದ್ಯ ಮುಗಿದ ಮೇಲೆ ಅವರ ಮೆಚ್ಚಿನ ಪಾಠ. "ಮಲಗು. ಬಂದೂಕನ್ನ ಗುರಿಗೆ ಹಿಡಿ. ಈಗ ಕಣ್ಣು ಮುಚ್ಚು. ಉಸಿರು ಒಳಗೆ, ಹೊರಗೆ. ಕಣ್ಣು ಬಿಡು. ಗುರಿ ಪಕ್ಕಕ್ಕೆ ಸರಿದಿದ್ರೆ ತೋಳಿನಿಂದ ಎಳೀಬೇಡ, ಸೊಂಟ ಸರಿಸಿ ಇಡೀ ಮೈಯನ್ನೇ ತಿರುಗಿಸು. ತೋಳು ಸುಳ್ಳು ಹೇಳ್ತದೆ ಕಣ್ರೋ, ಮೂಳೆ ಹೇಳಲ್ಲ."

ಬಿಸಿಲೇರುವ ಹೊತ್ತಿಗೆ ತುಕಡಿ ಬಂತು. ನಾಲ್ಕನೆಯ ಜಾಗ ಭಾಮೈದನಿಗೆ, ಐದನೆಯದು ತುಕಡಿಯ ದರ್ಜಿಗೆ. ಸಮವಸ್ತ್ರ ಹೊಲಿಯುವವನಾದರೂ ವರ್ಷಕ್ಕೊಮ್ಮೆ ಅವನೂ ಗುಂಡು ಹಾರಿಸಲೇಬೇಕು. ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುವ ಆಸಾಮಿ, ಟ್ರಿಗರ್ ಒತ್ತುವಾಗ ಮಾತ್ರ ಎರಡೂ ಕಣ್ಣು ಮುಚ್ಚುತ್ತಿದ್ದ. ಇದುವರೆಗೆ ಅವನ ಗುಂಡು ಕಾಗದ ಮುಟ್ಟಿದ್ದನ್ನು ಕಂಡವರಿಲ್ಲ.

ಗುಂಡು ಹಂಚುವ ಮೊದಲು ಖಾಲಿ ಬಂದೂಕಿನಲ್ಲಿ ಅಭ್ಯಾಸ. ದರ್ಜಿ ಮಲಗಿದ್ದಲ್ಲಿಂದಲೇ ಹಿಂದಕ್ಕೆ ಹೊರಳಿ, "ಸಾರ್, ಈ ಟ್ರಿಗರ್ ಬಿಗಿಯಾಗಿದೆ, ನೋಡಿ" ಎಂದ. ಅವನ ಜೊತೆಗೆ ನಳಿಗೆಯೂ ಹೊರಳಿತು. ಹಿಂದೆ ನಿಂತಿದ್ದವರೆಲ್ಲ ನೆಲಕ್ಕೆ ಬಿದ್ದರು. ಹವಾಲ್ದಾರರು ಧೂಳಿನಲ್ಲಿ ಹೊಟ್ಟೆಯೂರಿ ಕಿರುಚಿದರು, "ನಳಿಗೆ ಮುಂದಕ್ಕೆ ಕಣಯ್ಯಾ!"

"ಖಾಲಿ ಇದೆ ಸಾರ್."

"ಪದ್ಯದ ಮೊದಲನೇ ಸಾಲು ಹೇಳು!"

ದರ್ಜಿ ನಳಿಗೆಯನ್ನು ಮುಂದಕ್ಕೆ ತಿರುಗಿಸಿ ರಾಗವಾಗಿ ಹೇಳಿದ. ರಾಗ ಚೆನ್ನಾಗಿತ್ತು.

ಇಂಥವನನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ನಿಜವಾದ ಗುಂಡು ಕೊಟ್ಟಾಗ ಹವಾಲ್ದಾರರು ದರ್ಜಿಯ ಮಗ್ಗುಲಲ್ಲೇ ಮಂಡಿಯೂರಿ, ಅವನ ಹೆಗಲ ಮೇಲೆ ಕೈಯಿಟ್ಟು, ಟ್ರಿಗರ್ ಮೇಲಿನ ಅವನ ಬೆರಳನ್ನೇ ದಿಟ್ಟಿಸುತ್ತ ಕುಳಿತರು. ಭಾಮೈದನ ಕಡೆ ನೋಡಲು ಪುರುಸೊತ್ತೇ ಸಿಗಲಿಲ್ಲ. ಒಬ್ಬೊಬ್ಬರಿಗೆ ಐದೈದು ಗುಂಡು. ಸದ್ದಡಗಿತು. ಬಂದೂಕುಗಳು ಖಾಲಿಯಾದದ್ದನ್ನು ಎರಡೆರಡು ಸಲ ನೋಡಿದ ಮೇಲೆ ಎಲ್ಲರೂ ಗುರಿಹಲಗೆಗಳ ಬಳಿಗೆ ನಡೆದರು.

ನಾಲ್ಕನೆಯ ಹಲಗೆಯ ಕಾಗದ ಆಗತಾನೇ ಅಂಟಿಸಿದಂತಿತ್ತು. ಐದನೆಯದರ ನಟ್ಟನಡುವೆ ಐದು ತೂತು. ಒಂದು ಅಂಗೈ ಇಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು.

ದರ್ಜಿ ಅಲ್ಲೇ ಕುಕ್ಕರಿಸಿದ. "ಸಾರ್... ನಂದಾ?"

"ಭಾವ..." ಎಂದಿತು ಹಿಂದಿನಿಂದ ಒಂದು ಸತ್ತ ದನಿ.

"ರೇಂಜಲ್ಲಿ ಭಾವ ಇಲ್ಲ, ಸಾರ್ ಅನ್ನು!"

"ಸಾರ್, ಅವು ನನ್ನವು. ನೀವು ಹೇಳಿದ ಹಾಗೇ ಕಣ್ಣು ಮುಚ್ಚಿ, ಉಸಿರೆಳೆದು, ಕಣ್ಣು ಬಿಟ್ಟೆ. ಎದುರಿಗೇ ಗುರಿ ನಿಂತಿತ್ತು. ಎಳೀಬೇಡ ಅಂದಿದ್ರಿ, ಎಳೀಲಿಲ್ಲ. ಹೊಡೆದೆ."

"ಮೇಲೆ ನಂಬರ್ ಬರೆದಿದೆಯಲ್ಲೋ, ನೋಡ್ಬಾರ್ದಾ?"

"ಪದ್ಯದಲ್ಲಿ ಅದಿಲ್ವಲ್ಲ, ಸಾರ್."

ಹವಾಲ್ದಾರರು ಬಾಯಿ ತೆರೆದು, ಮನಸ್ಸಿನಲ್ಲೇ ನಾಲ್ಕೂ ಸಾಲು ಹೇಳಿಕೊಂಡು, ಬಾಯಿ ಮುಚ್ಚಿದರು. ಗುರಿಯ ಆಚೆ ಏನಿದೆ ಎಂದಿತ್ತು. ಪಕ್ಕದಲ್ಲಿ ಏನಿದೆ ಎಂದಿರಲಿಲ್ಲ.

ವ್ಯಾಜ್ಯ ಮೇಜರರ ಬಳಿ ಹೋಯಿತು. ಅವರು ನಗು ತಡೆಯಲು ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು. "ಯಾರ ಹಲಗೇಲಿ ತೂತೋ ಅವರದ್ದೇ ಗುಂಡು. ದರ್ಜಿ ಪಾಸು, ಹುಡುಗ ಫೇಲು. ಆದ್ರೆ ದರ್ಜಿ ತಾನಾಗಿ ಒಪ್ಪಿದ್ರೆ ಇಬ್ಬರೂ ಇನ್ನೊಂದ್ಸಲ ಹೊಡೀಲಿ. ಪಾಸಾದವನಿಗೆ ಬಲವಂತ ಮಾಡೋ ಹಾಗಿಲ್ಲ."

ಅಷ್ಟರಲ್ಲಿ ತುಕಡಿಯವರು ದರ್ಜಿಯನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಗುರಿಯ ಕಾಗದವನ್ನು ಅವನು ಎದೆಗವಚಿಕೊಂಡಿದ್ದ. ಹವಾಲ್ದಾರರು ತಲೆಯೆತ್ತಿ ಮಾತಾಡಬೇಕಾಯಿತು.

"ಇಳಿಯಪ್ಪಾ ಸ್ವಲ್ಪ. ಇನ್ನೊಂದ್ಸಲ ಹೊಡೆದುಬಿಡು."

"ಯಾಕೆ ಸಾರ್? ನೀವೂ ದೇವರನ್ನ ನಂಬೋರು. ಕಣ್ಣು ಮುಚ್ಚಿ ಬೇಡಿಕೊಂಡೆ, ಅವನು ಕೊಟ್ಟ. ನಿಜಾನಾ ಅಂತ ಮತ್ತೆ ಕೇಳಕ್ಕಾಗುತ್ತಾ?"

ಹವಾಲ್ದಾರರೂ ದಿನಾ ಬೇಡಿಕೊಳ್ಳುವವರೇ. ಬೆಳಿಗ್ಗೆಯೂ ಬೇಡಿಕೊಂಡಿದ್ದರು, ಭಾಮೈದನ ಗುಂಡು ನೆಟ್ಟಗೆ ಹೋಗಲಿ ಎಂದು. ನೆಟ್ಟಗೇ ಹೋಗಿತ್ತು.

"ಭಾನುವಾರ ಇವನ ಮದುವೆ ಕಣಯ್ಯ. ನಾನು ಮನೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಭಾಮೈದ ಮುಂದೆ ಬಂದು ಕೈ ಮುಗಿದ. "ಅಣ್ಣಾ, ನಿಮ್ಮ ದಮ್ಮಯ್ಯ. ಒಂದೇ ಒಂದ್ಸಲ. ಈ ಸಲ ನಂಬರ್ ನೋಡ್ತೀನಿ."

ದರ್ಜಿ ಹುಡುಗನನ್ನು ನೋಡಿದ. ಕಾಗದ ಬಿಡಿಸಿ ಐದು ತೂತುಗಳ ಮೂಲಕ ಆಕಾಶ ನೋಡಿದ. ಮತ್ತೆ ಹುಡುಗನನ್ನು ನೋಡಿದ. ಅವನ ಕಣ್ಣಲ್ಲಿ ಮರುಕವೂ ಇತ್ತು.

"ಹೊಲಿಗೆ ತಪ್ಪಿದ್ರೆ ಎಷ್ಟು ಸಲ ಬೇಕಾದ್ರೂ ಬಿಚ್ಚಿ ಹೊಲೀತೀನಪ್ಪಾ," ಎಂದ, ಕಾಗದ ಮಡಚುತ್ತ. "ಇದನ್ನ ಬಿಚ್ಚಲ್ಲ. ಹೊಡೆಯಲ್ಲ."